ನಿಮಗಿದು ಗೊತ್ತೇ? ಹಲ್ಲಿನ ಹಿಂದೆ ಒಂದು ಮನಸ್ಸು, ಒಂದು ಮನೆ

ಬಿ.ಡಿ.ಎಸ್. ಓದುವವರು ಹಲ್ಲು, ಒಸಡು, ದವಡೆಗಳ ಜೊತೆಗೆ ಸಮಾಜಶಾಸ್ತ್ರ, ಮನಶ್ಶಾಸ್ತ್ರಗಳನ್ನೂ ಕಲಿಯಬೇಕು. ‘ಸಾರ್ವಜನಿಕ ಆರೋಗ್ಯ ದಂತವೈದ್ಯಕೀಯ’ ಎಂಬ ವಿಷಯದಲ್ಲಿ ಅವಕ್ಕೂ ಜಾಗವಿದೆ. ಪರೀಕ್ಷೆ ಮುಗಿಸಿ ಮರೆಯುವ ಪಾಠವಲ್ಲ ಅದು. ಕ್ಲಿನಿಕ್ಕಿನಲ್ಲಿ ದಿನವೂ ಬಳಕೆಗೆ ಬರುತ್ತದೆ.

ಹಲ್ಲಿನ ಡಾಕ್ಟರ ಭಯಕ್ಕೂ ಅಳತೆಗೋಲಿದೆ. ಅಮೆರಿಕದ ನಾರ್ಮನ್ ಕೋರಾ 1969ರಲ್ಲಿ ನಾಲ್ಕು ಪ್ರಶ್ನೆಗಳದ್ದೊಂದನ್ನು ಪ್ರಕಟಿಸಿದರು. ನಾಳೆ ಡಾಕ್ಟರ ಬಳಿ ಹೋಗಬೇಕೆಂದರೆ ಹೇಗನ್ನಿಸುತ್ತದೆ? ಹೊರಗೆ ಸರದಿಗೆ ಕಾದು ಕೂತಾಗ? ಡಾಕ್ಟರು ಡ್ರಿಲ್ ಸಿದ್ಧಮಾಡಿಕೊಳ್ಳುವಾಗ? ಹಲ್ಲು ಕ್ಲೀನ್ ಮಾಡಲು ಉಪಕರಣ ಹೊರತೆಗೆದಾಗ? ಬಹಳ ಜನ ಹೆದರುವ ಇಂಜೆಕ್ಷನ್ನೇ ಅದರಲ್ಲಿರಲಿಲ್ಲ! 1995ರಲ್ಲಿ ಜೆರಿ ಹಂಫ್ರಿಸ್ ಮತ್ತು ಜೊತೆಗಾರರು ಅದನ್ನು ಐದನೆಯ ಪ್ರಶ್ನೆಯಾಗಿ ಸೇರಿಸಿದರು. 25ಕ್ಕೆ 19 ಅಥವಾ ಹೆಚ್ಚು ಬಂದರೆ ತೀವ್ರ ಭಯವೆಂದು ಲೆಕ್ಕ.

ನೋವಿನ ನೆನಪನ್ನು ಪೂರ್ತಿ ನಂಬುವಂತಿಲ್ಲ. 1985ರಲ್ಲಿ ಜೆರಾಲ್ಡ್ ಕೆಂಟ್ ಹಲ್ಲಿನ ರೋಗಿಗಳನ್ನು ಮೂರು ತಿಂಗಳ ನಂತರ ಮತ್ತೆ ವಿಚಾರಿಸಿದರು. ಹೆಚ್ಚು ಭಯವಿದ್ದವರ ನೆನಪು, ಅವರು ನಿಜವಾಗಿ ಅನುಭವಿಸಿದ ನೋವಿಗಿಂತ ಮೊದಲೇ ನಿರೀಕ್ಷಿಸಿದ್ದ ನೋವಿಗೆ ಹತ್ತಿರವಾಗಿತ್ತು.

ಹಾಗಾದರೆ ಭಯಕ್ಕೆ ತಡೆ? ನೋವಿಲ್ಲದ ಹಳೆಯ ಭೇಟಿಗಳು. ಮನಶ್ಶಾಸ್ತ್ರಜ್ಞ ಗ್ರಹಾಂ ಡೇವಿ 1989ರಲ್ಲಿ ತೋರಿಸಿದ್ದು ಇದನ್ನೇ: ನೋವಾಗುವ ಮುಂಚೆ ಹಲವು ಸಲ ಸುಮ್ಮನೆ ತೋರಿಸಿಕೊಂಡು ಬಂದವರಲ್ಲಿ, ಆಮೇಲೊಮ್ಮೆ ನೋವಾದರೂ ಭಯ ಬೇರೂರುವುದು ಕಡಿಮೆ. ಮಗುವಿನ ಮೊದಲ ಭೇಟಿ ಕೆನ್ನೆ ಊದಿಕೊಂಡ ದಿನವೇ ಆಗಬಾರದು ಎನ್ನುವುದು ಇದಕ್ಕೇ. ‘ಹಠ ಮಾಡಿದ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ’ ಅನ್ನುವ ಮಾತನ್ನಂತೂ ದಯವಿಟ್ಟು ಇವತ್ತೇ ಬಿಟ್ಟುಬಿಡಿ.

ಮಕ್ಕಳ ದಂತವೈದ್ಯರು ಇಂದಿಗೂ ಅನುಸರಿಸುವ ‘ಹೇಳು, ತೋರಿಸು, ಮಾಡು’ ಕ್ರಮವನ್ನು 1959ರಲ್ಲಿ ವಿವರಿಸಿದವರು ಹ್ಯಾರಿ ಆಡಲ್‌ಸ್ಟನ್. ಗಿರಗಿರ ತಿರುಗುವ ಪುಟ್ಟ ಬ್ರಷ್ಷನ್ನು ಮೊದಲು ಮಗುವಿನ ಹೆಬ್ಬೆರಳಿನ ಉಗುರಿಗೆ ತಾಗಿಸುತ್ತಾರೆ. ಕಚಗುಳಿ ಅಷ್ಟೇ ಎಂದು ಗೊತ್ತಾದ ಮೇಲೆಯೇ ಅದು ಬಾಯಿಗೆ ಹೋಗುತ್ತದೆ.

ಡಾಕ್ಟರ ಮನಸ್ಸಿನಲ್ಲಿ ಏನಿದೆ ಎಂಬುದೂ ನಿಮ್ಮ ನೋವನ್ನು ಬದಲಿಸಬಲ್ಲದು! ಬುದ್ಧಿಹಲ್ಲು ಕೀಳಿಸಿಕೊಂಡವರ ಮೇಲೆ ರಿಚರ್ಡ್ ಗ್ರೇಸ್ಲಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 1985ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ನೋವು ಇಳಿಸುವ, ಏರಿಸುವ ಅಥವಾ ಯಾವ ಪರಿಣಾಮವೂ ಇಲ್ಲದ ಮದ್ದು ಸಿಗಬಹುದು ಎಂದು ರೋಗಿಗಳಿಗೆಲ್ಲ ಹೇಳಲಾಗಿತ್ತು. ಮೊದಲ ಗುಂಪಿಗೆ ಪ್ರಬಲ ನೋವುನಿವಾರಕ ಫೆಂಟನಿಲ್ ಸಿಗುವ ಸಾಧ್ಯತೆಯೇ ಇಲ್ಲವೆಂದೂ, ಇನ್ನೊಂದಕ್ಕೆ ಸಿಗಬಹುದೆಂದೂ ತಿಳಿದಿದ್ದು ಡಾಕ್ಟರಿಗೆ ಮಾತ್ರ. ಎರಡೂ ಗುಂಪಿನಲ್ಲಿ ಬರೀ ಹುಸಿಮದ್ದು ಪಡೆದವರನ್ನು ಹೋಲಿಸಿ ನೋಡಿದರೆ, ಎರಡನೆಯ ಗುಂಪಿನವರ ನೋವು ಇಳಿದಿತ್ತು, ಮೊದಲನೆಯವರದು ಏರಿತ್ತು. ಡಾಕ್ಟರ ನಂಬಿಕೆ ಅವರ ಮುಖದಲ್ಲೋ ದನಿಯಲ್ಲೋ ರೋಗಿಗೆ ದಾಟಿರಬೇಕು. ನನ್ನ ಮಟ್ಟಿಗೆ ಈ ಅಂಕಣದ ಅತಿ ಮುಖ್ಯ ಸಂಗತಿ ಇದು.

ಪರೀಕ್ಷೆಯ ಒತ್ತಡ ಗಾಯ ಮಾಯುವುದನ್ನು ತಡಮಾಡುತ್ತದೆ. ಅಮೆರಿಕದ ಓಹಿಯೋದಲ್ಲಿ 11 ದಂತವೈದ್ಯ ವಿದ್ಯಾರ್ಥಿಗಳ ಅಂಗುಳದಲ್ಲಿ 3.5 ಮಿ.ಮೀ. ಗಾಯ ಮಾಡಿ ಗಮನಿಸಿದರು: ಒಮ್ಮೆ ಬೇಸಿಗೆ ರಜೆಯಲ್ಲಿ, ಇನ್ನೊಮ್ಮೆ ಪರೀಕ್ಷೆಯ ಹೊತ್ತಿಗೆ. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು ಹಿಡಿಯಿತು. 1998ರಲ್ಲಿ ಪ್ರಕಟವಾದ ಅಧ್ಯಯನವಿದು.

ಲವಂಗದ ಯೂಜಿನಾಲ್ ಹಲ್ಲು ತುಂಬುವ ಕೆಲವು ಮಿಶ್ರಣಗಳಲ್ಲೂ ಇರುತ್ತದೆ. ಹಲ್ಲಿನ ಡಾಕ್ಟರೆಂದರೆ ಹೆದರುವವರಲ್ಲಿ ಆ ವಾಸನೆಯೊಂದೇ ಭಯ ಹುಟ್ಟಿಸಬಹುದು ಎಂದು ಫ್ರಾನ್ಸಿನ ಸಂಶೋಧಕರು ಕಂಡುಕೊಂಡಿದ್ದಾರೆ.

‘ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ’, ‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬ ಮಾತುಗಳನ್ನು ಎಷ್ಟೋ ಮನೆಗಳಲ್ಲಿ ಕೇಳಬಹುದು. ಎರಡೂ ನಿಜವಲ್ಲ. ಒಸಡು ಮೊದಲೇ ಕುಗ್ಗಿರುತ್ತದೆ. ಕಿಟ್ಟ ತೆಗೆದ ಮೇಲೆ ಸಂದು ಕಾಣಿಸಿ ಹಲ್ಲು ಸಡಿಲವಾಯಿತು ಅನ್ನಿಸುತ್ತದೆ. ಅಜ್ಜಿಯ ಮಾತನ್ನು ತಳ್ಳಿಹಾಕದೆ ಇದನ್ನು ಕನ್ನಡಿ ಹಿಡಿದು ತೋರಿಸುವ ಡಾಕ್ಟರ ಮಾತು ಮನೆಯವರ ಮನಸ್ಸಿಗೆ ಇಳಿಯುತ್ತದೆ.

ಬೈಗುಳವೂ ಹಲ್ಲಿಗೆ ಕೆಡುಕು. ಭಯದಿಂದ ಮುಂದೂಡುವುದು, ಅದರಿಂದ ಹುಳುಕು ಹೆಚ್ಚುವುದು, ಅದರಿಂದ ನಾಚಿಕೆ, ನಾಚಿಕೆಯಿಂದ ಇನ್ನಷ್ಟು ಭಯ: ಈ ಸುಳಿಯನ್ನು ಸ್ವೀಡನ್ನಿನ ಉಲ್ಫ್ ಬೆರ್ಗ್ರೆನ್ 1984ರಲ್ಲಿ ವಿವರಿಸಿದರು. ‘ಇಷ್ಟು ದಿನ ಏನ್ ಮಾಡ್ತಿದ್ರಿ?’ ಎಂಬ ಒಂದು ಪ್ರಶ್ನೆ ಸಾಕು, ರೋಗಿ ಮತ್ತೆ ವರ್ಷಗಟ್ಟಲೆ ಆ ಕಡೆ ತಲೆಹಾಕದಿರಲು. ‘ನೋವಾದರೆ ಎಡಗೈ ಎತ್ತಿ, ನಿಲ್ಲಿಸ್ತೀನಿ’ ಎಂದು ಹೇಳಿ, ಕೈ ಎತ್ತಿದಾಗ ನಿಜಕ್ಕೂ ನಿಲ್ಲಿಸಿದರೆ ಸುಳಿ ಸಡಿಲವಾಗುತ್ತದೆ.

ಉಪದೇಶಕ್ಕಿಂತ ಮಾತುಕತೆ ಹೆಚ್ಚು ಕೆಲಸ ಮಾಡುತ್ತದೆ ಎನ್ನಲು ಕೆನಡಾದ ಸರ್ರೆ ನಗರದ ಪಂಜಾಬಿ ತಾಯಂದಿರು ಸಾಕ್ಷಿ. 240 ಕೂಸುಗಳಲ್ಲಿ ಅರ್ಧದಷ್ಟು ಮಕ್ಕಳ ತಾಯಂದಿರಿಗೆ ಕರಪತ್ರ, ವಿಡಿಯೊ ಕೊಟ್ಟರು. ಉಳಿದವರ ಜೊತೆ ಹೆಚ್ಚಿಗೆ ಕೂತು ಮಾತಾಡಿ, ತಮ್ಮ ಮನೆಗೆ ಒಗ್ಗುವ ಅಭ್ಯಾಸಗಳನ್ನು ಅವರೇ ಆರಿಸಿಕೊಳ್ಳಲು ಬಿಟ್ಟರು. ಆಗಾಗ ಫೋನಿನಲ್ಲಿ ವಿಚಾರಿಸಿದರು. ವರ್ಷದ ನಂತರ ಮೊದಲ ಗುಂಪಿನ ಮಕ್ಕಳಲ್ಲಿ ಸರಾಸರಿ 1.91 ಹೊಸ ಹುಳುಕು, ಎರಡನೆಯದರಲ್ಲಿ 0.71.

ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಸಿಗುವುದು ಕಡಿಮೆ ಎಂದು ವೇಲ್ಸ್‌ನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದರು. ಬಿ.ಪಿ.ಎಲ್. ಕುಟುಂಬಗಳ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ಕೊಡುವ ಕರ್ನಾಟಕದ ‘ದಂತಭಾಗ್ಯ’ ಯೋಜನೆ ಆ ಕೊರತೆಗೇ ಕೈಹಾಕಿದ್ದು. ಹಲ್ಲಿಲ್ಲದೆ ಮುದ್ದೆ ನುಂಗಬಹುದು. ನಾಲ್ಕು ಜನರೆದುರು ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಗಬೇಕೆಂದರೆ ಸೆಟ್ಟು ಬೇಕು.