ಯಾತ್ರಿಕನ ಭೇದಿ ಮತ್ತು ಚೀಲದೊಳಗಿನ ಗುಳಿಗೆ

ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಹೊನ್ನಾಳಿಯತ್ತ ಹರಿಯುವ ಸೀಮೆಯಲ್ಲಿ ಗೋವಿನಕೋವಿ ಇದೆ. ಅದೇ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯಲ್ಲಿ ನಡೆಯುವ ಜಯಂತಿಗೆ ನೆರೆ ರಾಜ್ಯಗಳಿಂದಲೂ ಬಂಜಾರ ಭಕ್ತರು ಬರುತ್ತಾರೆ. ಮಾಲೆ ಧರಿಸಿ ಕಾಲ್ನಡಿಗೆಯಲ್ಲಿ ಬರುವವರೂ ಉಂಟು. ದಾರಿಯುದ್ದಕ್ಕೂ ಊರೂರಿನ ನೀರು, ಬಯಲಿನ ಅಡಿಗೆ, ಕೈ ತೊಳೆಯಲು ಸಿಕ್ಕಷ್ಟೇ ನೀರು. ಇಂಥ ಯಾತ್ರೆಗಳಲ್ಲಿ ಹೊಟ್ಟೆ ಕೆಡುವುದು ಎಷ್ಟು ಸಹಜವೋ, ಯಾರದೋ ಚೀಲದಿಂದ ಎರಡು ಗುಳಿಗೆಗಳು ಹೊರಬರುವುದೂ ಅಷ್ಟೇ ಸಹಜ.

ಯಾತ್ರಿಕರ ಭೇದಿಗೆ ಬಹುಮಟ್ಟಿಗೆ ಬ್ಯಾಕ್ಟೀರಿಯಗಳೇ ಕಾರಣ. ಅವುಗಳಲ್ಲಿ ವಿಷವನ್ನುಂಟುಮಾಡುವ ಇ. ಕೋಲಿಯ ಒಂದು ಬಗೆ ಮುಖ್ಯವಾದದ್ದು. ಆದರೂ ಬಹುಪಾಲು ಜನರಲ್ಲಿ ಈ ಬೇನೆ ಮೂರರಿಂದ ಐದು ದಿನಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಅಲ್ಲಿಯವರೆಗೆ ಪ್ರಾಣಕ್ಕೆ ಅಪಾಯ ತರುವುದು ದೇಹದಿಂದ ಹರಿದುಹೋಗುವ ನೀರು ಮತ್ತು ಉಪ್ಪು.

ಇದನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ಡಾ. ದಿಲೀಪ್ ಮಹಲನಾಬಿಸ್ ಪ್ರಮುಖರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ಸಿಲುಕಿ, ರಕ್ತನಾಳಕ್ಕೆ ಕೊಡುವ ದ್ರವ ಸಾಲದೆ ಹೋದಾಗ, ಅವರು ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಇಂದು ಅಂಗಡಿಗಳಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣದ ಹಿಂದಿನ ಕಥೆ ಇದು.

ಹಾಗಾದರೆ ಆ್ಯಂಟಿಬಯೋಟಿಕ್ ಬೇಡವೇ? ಬೇಕು, ಆದರೆ ಎಲ್ಲರಿಗೂ ಅಲ್ಲ. ದಿನಕ್ಕೆರಡು ಮೂರು ಸಲ ಸಡಿಲವಾಗಿ ಹೋಗುವವನು ನೀರು ಕುಡಿದು ವಿಶ್ರಮಿಸಿದರೆ ಸಾಕು. ಜ್ವರ ಬಂದಾಗ, ಮಲದಲ್ಲಿ ರಕ್ತ ಕಂಡಾಗ, ಹಾಸಿಗೆಯಿಂದೇಳಲಾರದಷ್ಟು ಬಳಲಿಕೆಯಾದಾಗ ವೈದ್ಯರು ಅದನ್ನು ಕೊಡುತ್ತಾರೆ. ಹಿಂದೆ ಸಿಪ್ರೊಫ್ಲಾಕ್ಸಸಿನ್ ಇದಕ್ಕೆ ಹೆಸರಾಗಿತ್ತು. ದಕ್ಷಿಣ ಏಷ್ಯದ ಬ್ಯಾಕ್ಟೀರಿಯಗಳು ಅದಕ್ಕೆ ಬಹುಮಟ್ಟಿಗೆ ಬಗ್ಗದಂತಾದುದರಿಂದ ಈಗ ಅಜಿತ್ರೊಮೈಸಿನ್‌ಗೆ ಆದ್ಯತೆ. ಅದು ಕೂಡ ಹೃದಯದ ಬಡಿತದಲ್ಲಿ ದೋಷವುಳ್ಳವರು ವೈದ್ಯರನ್ನು ಕೇಳದೆ ನುಂಗುವ ಮದ್ದಲ್ಲ. ಓಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಬೆರೆಸಿದ ಗುಳಿಗೆಯನ್ನು ಮೊದಲ ಭೇದಿಗೇ ನುಂಗುವ ರೂಢಿಯಂತೂ ನಮ್ಮ ನಾಡಿನಲ್ಲಿ ಬೇರೂರಿದೆ. ಕ್ರಿಮಿ ಯಾವುದೆಂದು ತಿಳಿಯದೆ ಎರಡು ಅಸ್ತ್ರಗಳನ್ನು ಒಟ್ಟಿಗೆ ಪ್ರಯೋಗಿಸುವುದು ಚಿಕಿತ್ಸೆಯೆನಿಸದು.

ಇದರ ಬೆಲೆಯೇನೆಂಬುದನ್ನು ಫಿನ್ಲೆಂಡಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ವಿದೇಶ ಪ್ರವಾಸ ಮಾಡಿ ಮರಳಿದ 430 ಮಂದಿಯನ್ನು ಪರೀಕ್ಷಿಸಲಾಗಿ, ಅನೇಕ ಔಷಧಗಳನ್ನು ನಿಷ್ಫಲಗೊಳಿಸಬಲ್ಲ ಬ್ಯಾಕ್ಟೀರಿಯ ಕರುಳಿನಲ್ಲಿ ನೆಲೆಸಿದ್ದು, ಭೇದಿಯಾಗದೆ ಮದ್ದನ್ನೂ ತಿನ್ನದೆ ಇದ್ದವರಲ್ಲಿ ಶೇಕಡಾ 11, ಭೇದಿಯಾದರೂ ಆ್ಯಂಟಿಬಯೋಟಿಕ್ ತೆಗೆದುಕೊಳ್ಳದವರಲ್ಲಿ 21, ತೆಗೆದುಕೊಂಡವರಲ್ಲಿ 37. ದಕ್ಷಿಣ ಏಷ್ಯಕ್ಕೆ ಬಂದು ಭೇದಿಗೆ ಮದ್ದು ತಿಂದವರಲ್ಲಂತೂ ಈ ಪ್ರಮಾಣ 80! ಹೀಗೆ ನೆಲೆಸಿದ ಅತಿಥಿ ತಿಂಗಳುಗಟ್ಟಲೆ ಉಳಿಯಬಹುದು, ಮನೆಮಂದಿಗೂ ಹರಡಬಹುದು.

ಭೇದಿಯನ್ನು ತಡೆಹಿಡಿಯುವ ಲೋಪರಮೈಡ್ ದೂರದ ಬಸ್ಸಿನ ಪ್ರಯಾಣಕ್ಕೆ ಆಸರೆಯಾಗಬಹುದು. ಜ್ವರವಾಗಲಿ ರಕ್ತವಾಗಲಿ ಇದ್ದರೆ ಅದನ್ನು ಮುಟ್ಟಬಾರದು, ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಮಕ್ಕಳಿಗೆ ಓ.ಆರ್.ಎಸ್. ಜೊತೆಗೆ ವೈದ್ಯರು ಸತುವಿನ ಗುಳಿಗೆಯನ್ನು ಕೊಡುವುದುಂಟು.

ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಬೇಕು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಕೆಡುಕು. ಬೆರೆಸಿದ ನೀರನ್ನು ಮರುದಿನಕ್ಕೆ ಇಡದೆ ಚೆಲ್ಲಿ, ಹೊಸದಾಗಿ ಮಾಡಿಕೊಳ್ಳಬೇಕು.