ಇಂಗ್ಲಿಷ್ ತರಗತಿಯಲ್ಲಿ ಸೃಜನಾತ್ಮಕ ಯೋಜನಾಕಾರ್ಯ

ಭಾಷೆಯನ್ನು ಕುರಿತು ಕಲಿಯುವುದು ಬೇರೆ, ಭಾಷೆಯನ್ನು ಕಲಿಯುವುದು ಬೇರೆ. ಕ್ರಿಯಾಪದದ ಮೂರು ರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಯೇ ತನ್ನ ಊರಿನ ವಿಚಾರವಾಗಿ ನಾಲ್ಕು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಹೇಳಲು ತಡವರಿಸುವುದನ್ನು ಗ್ರಾಮಾಂತರ ಪ್ರದೇಶದ ಉಪಾಧ್ಯಾಯರೆಲ್ಲರೂ ಕಂಡಿದ್ದಾರೆ. ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿ ಸೇರಿತು. ಕಲಿಕೆಯ ವರ್ಷಗಳು ಹೆಚ್ಚಿದುವು. ಆದರೆ ತಡವರಿಕೆ ಹೋಗಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಬುದ್ಧಿವಂತ ಬಾಲಕ ಬಾಲಕಿಯರು ಪದವಿಪೂರ್ವ ವಿಜ್ಞಾನ ತರಗತಿಯ ಮೊದಲ ತಿಂಗಳುಗಳಲ್ಲಿ ಮೌನವಾಗಿ ಹಿಂದೆ ಸರಿಯುವುದು ಇದೇ ಕಾರಣದಿಂದ. ಆದುದರಿಂದ ಇದು ಕೇವಲ ಬೋಧನಾಕ್ರಮದ ಪ್ರಶ್ನೆಯಲ್ಲ, ಮಕ್ಕಳ ಭವಿಷ್ಯದ ಪ್ರಶ್ನೆ.

ಇದರ ಮೂಲವನ್ನು ಹುಡುಕುತ್ತ ಹೋದರೆ ಒಂದು ಸರಳ ಸಂಗತಿ ಎದುರಾಗುತ್ತದೆ. ಹಳ್ಳಿಯ ಮಗುವಿನ ಇಂಗ್ಲಿಷನ್ನು ಕೇಳುವವರು ಯಾರೂ ಇಲ್ಲ. ಅದು ಬರೆದುದನ್ನು ಓದುವವರು ಉಪಾಧ್ಯಾಯರೊಬ್ಬರೇ. ಅವರೂ ಓದುವುದು ತಪ್ಪು ತಿದ್ದುವುದಕ್ಕಾಗಿ, ಸಮಾಚಾರ ತಿಳಿಯುವುದಕ್ಕಾಗಿ ಅಲ್ಲ. ಕೇಳುವ ಕಿವಿಯಿಲ್ಲದ ಮಾತು ಬಹುಕಾಲ ಬಾಳದು. ಸೃಜನಾತ್ಮಕ ಯೋಜನಾಕಾರ್ಯಗಳ ನಿಜವಾದ ಬೆಲೆ ಇರುವುದು ಇಲ್ಲಿಯೇ. ಅವು ಮಗುವಿಗೆ ಒಬ್ಬ ಕೇಳುಗನನ್ನು ಒದಗಿಸುತ್ತವೆ. ಕಂಪ್ಯೂಟರ್, ಮೊಬೈಲ್ ಮುಂತಾದ ಸಾಧನಗಳಿಗೆ ತರಗತಿಯಲ್ಲಿ ಸ್ಥಾನವಿರುವುದೂ ಆ ಕೇಳುಗನನ್ನು ಹತ್ತಿರ ತರುವಷ್ಟರ ಮಟ್ಟಿಗೆ ಮಾತ್ರ.

ಯೋಜನಾ ಪದ್ಧತಿಯ ಮೂಲ

ಯೋಜನಾ ಪದ್ಧತಿಯು ಹೊಸದೇನಲ್ಲ. ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ ಅವರು 1918ರಲ್ಲಿ ಈ ಹೆಸರಿನ ಪ್ರಬಂಧವನ್ನು ಪ್ರಕಟಿಸಿದರು. ಮನಸ್ಸಿಟ್ಟು ಕೈಗೊಂಡ, ಉದ್ದೇಶವುಳ್ಳ ಕಾರ್ಯವೇ ಕಲಿಕೆಯ ಘಟಕವಾಗಬೇಕೆಂಬುದು ಅವರ ವಾದದ ತಿರುಳು. ಇಲ್ಲಿ ‘ಉದ್ದೇಶ’ ಎಂಬ ಮಾತು ಮುಖ್ಯವಾದುದು. ಇಂದು ಅನೇಕ ಶಾಲೆಗಳಲ್ಲಿ ಯೋಜನಾಕಾರ್ಯವೆಂದರೆ ಅಂಗಡಿಯಿಂದ ತಂದ ಚಿತ್ರಗಳನ್ನು ಚಾರ್ಟಿಗೆ ಅಂಟಿಸುವುದು, ಇಲ್ಲವೆ ಅಂತರ್ಜಾಲದಿಂದ ತೆಗೆದ ಪುಟಗಳನ್ನು ಮುದ್ರಿಸಿ ಬಣ್ಣದ ರಟ್ಟು ಹಾಕಿಸುವುದು ಎಂಬಂತಾಗಿದೆ. ಅದರಲ್ಲಿ ತಂದೆತಾಯಿಗಳ ಖರ್ಚು ಇದೆ, ಅಣ್ಣನ ಅಥವಾ ಅಕ್ಕನ ಶ್ರಮವಿದೆ. ಮಗುವಿನ ಉದ್ದೇಶವಿಲ್ಲ, ಮಗುವಿನ ಒಂದು ವಾಕ್ಯವೂ ಇಲ್ಲ. ಹೆಸರು ಉಳಿದು ಹುರುಳು ಹೋಗಿದೆ.

ಮುದ್ರಣಯಂತ್ರವು ಕಲಿಸಿದ ಪಾಠ

ಭಾಷಾಬೋಧನೆಯಲ್ಲಿ ಯಂತ್ರವನ್ನು ವಿವೇಕದಿಂದ ಬಳಸಿದವರಲ್ಲಿ ಫ್ರಾನ್ಸಿನ ಸೆಲೆಸ್ಟಿನ್ ಫ್ರೆನೆ ಅವರ ಹೆಸರು ಸ್ಮರಣೀಯವಾದುದು. ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿದ್ದ ಅವರಿಗೆ ದೀರ್ಘಕಾಲ ನಿಂತು ಪಾಠ ಹೇಳುವುದು ಕಷ್ಟವಾಗಿತ್ತು. 1920ರಲ್ಲಿ ಬಾರ್-ಸೂರ್-ಲೂ ಎಂಬ ಬೆಟ್ಟದ ಊರಿನಲ್ಲಿ ಉಪಾಧ್ಯಾಯರಾದ ಅವರು 1924ರಲ್ಲಿ ತಮ್ಮ ತರಗತಿಗೆ ಒಂದು ಸಣ್ಣ ಮುದ್ರಣಯಂತ್ರವನ್ನು ತಂದರು. ಮಕ್ಕಳು ಊರಿನಲ್ಲಿ ಸುತ್ತಾಡಿ ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳುವರು. ತರಗತಿಯೆಲ್ಲ ಸೇರಿ ಒಂದು ಬರೆಹವನ್ನು ಆರಿಸಿ ತಿದ್ದುವರು. ಅನಂತರ ಮಕ್ಕಳೇ ಅಚ್ಚುಮೊಳೆಗಳನ್ನು ಜೋಡಿಸಿ ಅದನ್ನು ಮುದ್ರಿಸುವರು. ಮುದ್ರಿತವಾದ ಹಾಳೆಗಳು ದೂರದ ಬ್ರಿಟನಿ ಪ್ರಾಂತದ ಶಾಲೆಗೆ ಅಂಚೆಯಲ್ಲಿ ಹೋಗುತ್ತಿದ್ದುವು. ಸಮುದ್ರತೀರದ ಆ ಮಕ್ಕಳು ತಮ್ಮ ಊರಿನ ಸಮಾಚಾರವನ್ನು ಬರೆದು ಕಳುಹಿಸುತ್ತಿದ್ದರು.

ಅಕ್ಷರವನ್ನು ಒಂದೊಂದಾಗಿ ಕೈಯಿಂದ ಜೋಡಿಸುವಾಗ ಕಾಗುಣಿತದ ಎಚ್ಚರ ತಾನಾಗಿ ಬರುತ್ತದೆ. ಓದುಗನು ದೂರದಲ್ಲಿದ್ದಾನೆ, ಅವನಿಗೆ ತನ್ನ ಊರು ಗೊತ್ತಿಲ್ಲ ಎಂಬ ಅರಿವು ಬಂದಾಗ ಸ್ಪಷ್ಟತೆಯೂ ತಾನಾಗಿ ಬರುತ್ತದೆ. ಫ್ರೆನೆ ಅವರ ಮಕ್ಕಳು ಬರೆದುದು ತಮ್ಮ ದೇಶದ ಫ್ರೆಂಚ್ ಭಾಷೆಯಲ್ಲಿ. ಪರಭಾಷೆಯ ಕಲಿಕೆಗೂ ಇದೇ ಸೂತ್ರ ಒಪ್ಪುತ್ತದೆ ಎಂಬುದನ್ನು ಕರ್ನಾಟಕದ ನೆಲದಲ್ಲಿಯೇ ನಡೆದ ಒಂದು ಪ್ರಯೋಗವು ತೋರಿಸಿತು.

ಬೆಂಗಳೂರು ಯೋಜನೆ

1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆದ ಈ ಪ್ರಯೋಗವು ‘ಬೆಂಗಳೂರು ಯೋಜನೆ’ ಎಂದು ಜಗತ್ತಿನ ಭಾಷಾಬೋಧಕರಲ್ಲಿ ಪ್ರಸಿದ್ಧವಾಯಿತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹಾಗೂ ಮದರಾಸಿನ ಬ್ರಿಟಿಷ್ ಕೌನ್ಸಿಲ್ ಇದಕ್ಕೆ ಆಶ್ರಯವಿತ್ತವು. ಪ್ರಭು ಅವರು 1987ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಪೂರ್ಣ ವಿವರವಿದೆ.

ಇಲ್ಲಿ ವ್ಯಾಕರಣದ ಪಾಠಗಳನ್ನು ಒಂದರ ಮೇಲೊಂದರಂತೆ ಹೇಳಿಕೊಡುವ ಕ್ರಮವಿರಲಿಲ್ಲ. ರೈಲ್ವೆ ವೇಳಾಪಟ್ಟಿ, ಊರಿನ ನಕ್ಷೆ, ತರಗತಿಯ ವೇಳಾಪಟ್ಟಿ ಮುಂತಾದುವನ್ನು ಮುಂದಿಟ್ಟುಕೊಂಡು ಮಕ್ಕಳು ಇಂಗ್ಲಿಷಿನಲ್ಲಿ ಒಂದು ಸಮಸ್ಯೆಯನ್ನು ಬಿಡಿಸಬೇಕಾಗಿತ್ತು. ಮೊದಲು ಉಪಾಧ್ಯಾಯರು ಅಂಥದೇ ಒಂದು ಸಮಸ್ಯೆಯನ್ನು ಇಡೀ ತರಗತಿಯೊಡನೆ ಪ್ರಶ್ನೋತ್ತರ ನಡೆಸುತ್ತ ಬಿಡಿಸುವರು; ಬಳಿಕ ಪ್ರತಿಯೊಂದು ಮಗುವೂ ಇನ್ನೊಂದನ್ನು ತಾನಾಗಿ ಬಿಡಿಸಬೇಕು. ಇಂಥ ಕಾರ್ಯಗಳನ್ನು ಪ್ರಭು ಅವರು ಮೂರು ಬಗೆಯಾಗಿ ವಿಂಗಡಿಸಿದರು. ಒಬ್ಬನಿಗೆ ತಿಳಿದುದನ್ನು ಇನ್ನೊಬ್ಬನಿಗೆ ತಿಳಿಸುವುದು ಮಾಹಿತಿಯ ಅಂತರ; ತಿಳಿದುದರಿಂದ ತಿಳಿಯದುದನ್ನು ಊಹಿಸಿ ಹೇಳುವುದು ತರ್ಕದ ಅಂತರ; ತನಗನಿಸಿದುದನ್ನು ಹೇಳುವುದು ಅಭಿಪ್ರಾಯದ ಅಂತರ. ತರಗತಿಯ ಅರ್ಧದಷ್ಟು ಮಕ್ಕಳಾದರೂ ಕಾರ್ಯದ ಅರ್ಧಭಾಗವನ್ನಾದರೂ ಸರಿಯಾಗಿ ಮಾಡಿದರೆ ಅದು ತಕ್ಕ ಮಟ್ಟದ ಕಾರ್ಯವೆಂದು ಎಣಿಕೆಯಾಗುತ್ತಿತ್ತು. ಎಲ್ಲರಿಗೂ ಎಲ್ಲವೂ ಸುಲಭವಾದರೆ ಕಲಿಯಲು ಏನೂ ಉಳಿಯದು ಎಂಬುದು ಇದರ ಹಿಂದಿನ ಅಭಿಪ್ರಾಯ.

1985ರಲ್ಲಿ ಪ್ರಕಟವಾದ ಬೆರೆಟ್ಟಾ ಮತ್ತು ಡೇವೀಸ್ ಅವರ ಮೌಲ್ಯಮಾಪನದಲ್ಲಿ ಯೋಜನೆಯ ಮಕ್ಕಳು ಕಾರ್ಯಾಧಾರಿತ ಪರೀಕ್ಷೆಯಲ್ಲಿಯೂ, ಸಾಂಪ್ರದಾಯಿಕ ತರಗತಿಯ ಮಕ್ಕಳು ವಾಕ್ಯರಚನೆಯ ಪರೀಕ್ಷೆಯಲ್ಲಿಯೂ ಮುಂದಿದ್ದುದು ಕಂಡುಬಂದಿತು. ಯಾವುದನ್ನು ಅಭ್ಯಾಸ ಮಾಡಿಸಿದರೆ ಅದೇ ಬರುತ್ತದೆ. ಮಾತನಾಡುವ ಶಕ್ತಿ ಬೇಕಾದರೆ ಮಾತಿಗೇ ಕೆಲಸ ಕೊಡಬೇಕು.

ಡಿಜಿಟಲ್ ಕಥನ

ಫ್ರೆನೆ ಅವರ ಮುದ್ರಣಯಂತ್ರದ ಸ್ಥಾನವನ್ನು ಇಂದು ಧ್ವನಿಮುದ್ರಣ ಮತ್ತು ಚಿತ್ರಗಳು ಪಡೆಯಬಲ್ಲವು. 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೋ ಲ್ಯಾಂಬರ್ಟ್, ಡೇನಾ ಆಚ್ಲಿ ಮೊದಲಾದವರು ಸಾಮಾನ್ಯ ಜನರು ತಮ್ಮ ಬಾಳಿನ ಒಂದು ಪ್ರಸಂಗವನ್ನು ತಮ್ಮದೇ ಧ್ವನಿಯಲ್ಲಿ ಹೇಳಿ, ಮನೆಯ ಛಾಯಾಚಿತ್ರಗಳನ್ನು ಜೋಡಿಸಿ, ಕಿರುಚಿತ್ರ ಮಾಡುವ ಶಿಬಿರಗಳನ್ನು ನಡೆಸಿದರು. ಇದಕ್ಕೆ ಡಿಜಿಟಲ್ ಕಥನವೆಂಬ ಹೆಸರು ಬಂದಿತು. 2001ರಿಂದ ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಬಿ.ಬಿ.ಸಿ. ಸಂಸ್ಥೆಯು ಡೇನಿಯಲ್ ಮೆಡೋಸ್ ಅವರ ಮಾರ್ಗದರ್ಶನದಲ್ಲಿ ಊರೂರುಗಳಲ್ಲಿ ಇಂಥ ಶಿಬಿರಗಳನ್ನು ಏರ್ಪಡಿಸಿತು. ಸುಮಾರು 250 ಪದಗಳು, ಹನ್ನೆರಡರಷ್ಟು ಚಿತ್ರಗಳು, ಎರಡು ನಿಮಿಷಗಳ ಅವಧಿ: ಇದು ಮೆಡೋಸ್ ಅವರು ಇಟ್ಟುಕೊಂಡಿದ್ದ ಅಳತೆ.

ಈ ಅಳತೆಯು ಪ್ರೌಢಶಾಲೆಯ ತರಗತಿಗೆ ಬಹಳ ಅನುಕೂಲವಾದುದು. ಎಂಟನೆಯ ತರಗತಿಯ ವಿದ್ಯಾರ್ಥಿಯು ಬರೆಯಬಲ್ಲಷ್ಟು ಚಿಕ್ಕದು. ಅನಗತ್ಯವಾದ ಒಂದು ಪದಕ್ಕೂ ಎಡೆಯಿಲ್ಲದಷ್ಟು ಬಿಗಿಯಾದುದು.

ತರಗತಿಯಲ್ಲಿ ನಡೆಸುವ ಕ್ರಮ

ಬಯಲುಸೀಮೆಯ ರೈತ ಕುಟುಂಬದ ಹುಡುಗಿಯೊಬ್ಬಳು ‘ನಮ್ಮ ಅಜ್ಜನ ಕೂರಿಗೆ’ ಎಂಬ ವಿಷಯವನ್ನು ಆರಿಸಿಕೊಂಡಳೆಂದು ಭಾವಿಸಬಹುದು. ಮೊದಲನೆಯ ಹಂತದಲ್ಲಿ ಅವಳು ಅಜ್ಜನನ್ನು ಕನ್ನಡದಲ್ಲಿಯೇ ಪ್ರಶ್ನಿಸಿ, ಆತ ಹೇಳಿದುದನ್ನು ಬರೆದುಕೊಳ್ಳುತ್ತಾಳೆ. ಈ ಹಂತದಲ್ಲಿ ಇಂಗ್ಲಿಷನ್ನು ಒತ್ತಾಯಿಸುವುದು ಸಲ್ಲದು. ಹೇಳಲು ವಿಷಯವಿದ್ದರೆ ತಾನೆ ಭಾಷೆ ಬೇಕಾಗುವುದು!

ಎರಡನೆಯದು ಇಂಗ್ಲಿಷಿನ ಕರಡು. ಇಲ್ಲಿಯೇ ನಿಜವಾದ ಕಲಿಕೆ ನಡೆಯುತ್ತದೆ. ಕೂರಿಗೆಗೆ ನಿಘಂಟಿನಲ್ಲಿ ‘ಸೀಡ್ ಡ್ರಿಲ್’ ಎಂಬ ಪದ ಸಿಕ್ಕರೂ ಅದನ್ನು ಕಾಣದವನಿಗೆ ಆ ಪದದಿಂದ ಚಿತ್ರ ಮೂಡದು. ಮೇಲಿನ ಬಟ್ಟಲಿಗೆ ಹಾಕಿದ ಬೀಜವು ಕೊಳವೆಗಳ ಮೂಲಕ ಇಳಿದು ಸಾಲುಸಾಲಾಗಿ ನೆಲದಲ್ಲಿ ಬೀಳುತ್ತದೆ ಎಂದು ಅವಳು ವಿವರಿಸಬೇಕು. ಅಜ್ಜನು ಮಾಡಿದುದನ್ನು ಹೇಳುವಾಗ ಭೂತಕಾಲ, ಉಪಕರಣವು ಕೆಲಸ ಮಾಡುವ ರೀತಿಯನ್ನು ಹೇಳುವಾಗ ವರ್ತಮಾನಕಾಲ, ‘ಬೀಜವನ್ನು ಬಿತ್ತಲಾಗುತ್ತದೆ’ ಎನ್ನುವಾಗ ಕರ್ಮಣಿ ಪ್ರಯೋಗ, ಹೀಗೆ ವ್ಯಾಕರಣವೆಲ್ಲವೂ ಅಗತ್ಯಕ್ಕೆ ತಕ್ಕಂತೆ ಮುಂದೆ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ವಾಕ್ಯದ ಕೊನೆಯಲ್ಲಿ ನಿಲ್ಲುವ ಕ್ರಿಯಾಪದವು ಇಂಗ್ಲಿಷಿನಲ್ಲಿ ಕರ್ಮಪದಕ್ಕಿಂತ ಮುಂಚೆಯೇ ಬರುವುದನ್ನು, ಕನ್ನಡದಲ್ಲಿ ಇಲ್ಲದ ‘ಎ’, ‘ದ’ ಎಂಬ ಪುಟ್ಟ ಪದಗಳ ಬಳಕೆಯನ್ನು ಉಪಾಧ್ಯಾಯರು ಆಗ ತೋರಿಸಿಕೊಟ್ಟರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಮೂರನೆಯ ಹಂತದಲ್ಲಿ ಕರಡನ್ನು ಸಹಪಾಠಿಗಳ ಮುಂದೆ ಓದಬೇಕು. ಕೇಳುವವರು ತಪ್ಪು ಹುಡುಕದೆ ತಮಗೆ ತಿಳಿಯದುದನ್ನು ಕೇಳುವುದು ನಿಯಮ. ನಾಲ್ಕನೆಯದು ಧ್ವನಿಮುದ್ರಣ. ತನ್ನ ಧ್ವನಿಯನ್ನು ತಾನೇ ಕೇಳಿದ ಮಗು ಯಾರೂ ಹೇಳದಿದ್ದರೂ ಮತ್ತೊಮ್ಮೆ ಓದಲು ಬಯಸುತ್ತದೆ. ‘ಎಗ್’ ಎಂಬುದು ‘ಯೆಗ್’ ಆದುದು, ‘ಓಪನ್’ ಎಂಬುದು ‘ವೋಪನ್’ ಆದುದು, ‘ಬಸ್’ ಎಂಬುದಕ್ಕೆ ಕನ್ನಡದ ಉಕಾರ ಸೇರಿ ‘ಬಸ್ಸು’ ಆದುದು ಅದರ ಕಿವಿಗೇ ಗೊತ್ತಾಗುತ್ತದೆ. ಬೇಸರವಿಲ್ಲದ ಪುನರಾವರ್ತನೆಯು ಭಾಷಾಬೋಧಕನಿಗೆ ದುರ್ಲಭವಾದ ವರ. ಅದು ಇಲ್ಲಿ ಸುಲಭವಾಗಿ ಲಭಿಸುತ್ತದೆ. ಕೊನೆಯಲ್ಲಿ ಚಿತ್ರಗಳ ಜೋಡಣೆ ಹಾಗೂ ಪ್ರದರ್ಶನ. ಚಿತ್ರ ಜೋಡಿಸುವ ಕೆಲಸಕ್ಕೆ ಒಂದೆರಡು ಅವಧಿಗಳು ಸಾಕು. ಅದೇ ಮುಖ್ಯವಾಗಿ ಬರೆಹವು ಹಿಂದಾದರೆ ಅದು ಇಂಗ್ಲಿಷ್ ತರಗತಿಯಾಗಿ ಉಳಿಯದು.

ಸಲಕರಣೆಗಳಿಲ್ಲದ ಶಾಲೆಯು ಇದರಿಂದ ಹಿಂಜರಿಯಬೇಕಾಗಿಲ್ಲ. ಗೋಡೆಪತ್ರಿಕೆ, ಬೇರೊಂದು ಊರಿನ ಶಾಲೆಯೊಡನೆ ಪತ್ರವ್ಯವಹಾರ, ಬೆಳಗಿನ ಪ್ರಾರ್ಥನಾಸಭೆಯಲ್ಲಿ ಐದು ನಿಮಿಷಗಳ ವಾರ್ತಾವಾಚನ, ಇವೂ ಇದೇ ತತ್ತ್ವದ ಮೇಲೆ ನಿಂತಿವೆ.

ಯಂತ್ರವೇ ಬರೆದುಕೊಟ್ಟರೆ?

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ಮೇಲೆ ಹೊಸದೊಂದು ತೊಡಕು ಹುಟ್ಟಿದೆ. ಕೇಳಿದ ವಿಷಯದ ಮೇಲೆ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಪ್ರಬಂಧವನ್ನು ಯಂತ್ರವೇ ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ. ಮಾಲಿನ್ಯ, ಮಹಾಪುರುಷರ ಜೀವನ ಮುಂತಾದ ಎಲ್ಲರಿಗೂ ಸಮಾನವಾದ ವಿಷಯಗಳನ್ನು ಕೊಟ್ಟು ಮನೆಯಲ್ಲಿ ಬರೆದು ತರಲು ಹೇಳುವ ರೂಢಿಗೆ ಇನ್ನು ಅರ್ಥವಿಲ್ಲ. ಆದರೆ ಅಜ್ಜನು ಆಡಿದ ಮಾತು, ಕೇರಿಯ ಬಾವಿ ಬತ್ತಿದ ಕಥೆ, ತಾಯಿಯು ಮಗ್ಗದ ಮುಂದೆ ಕಳೆದ ದಿನ, ಇವು ಯಂತ್ರಕ್ಕೆ ತಿಳಿದಿಲ್ಲ. ಮಗುವೇ ಹೋಗಿ ತರಬೇಕು. ಜೊತೆಗೆ ಮೊದಲ ಕರಡು ತರಗತಿಯಲ್ಲಿ, ಕೈಬರೆಹದಲ್ಲಿ ಆಗಬೇಕು. ಪ್ರದರ್ಶನದ ಬಳಿಕ ಸಭಿಕರ ಎರಡು ಮೂರು ಪ್ರಶ್ನೆಗಳಿಗೆ ವಿದ್ಯಾರ್ಥಿಯು ನಿಂತು ಉತ್ತರಿಸಬೇಕು. ಕರಡು ಮುಗಿದ ಅನಂತರ ಯಂತ್ರದ ಸಲಹೆಯನ್ನು ಕೇಳಿ, ಅದು ಏಕೆ ಬದಲಾಯಿಸಿತೆಂದು ಚರ್ಚಿಸುವುದರಲ್ಲಿ ದೋಷವಿಲ್ಲ. ಕೈಹಿಡಿದು ನಡೆಸುವುದು ಬೇರೆ, ಹೊತ್ತುಕೊಂಡು ಹೋಗುವುದು ಬೇರೆ.

ಮೌಲ್ಯಮಾಪನ ಮತ್ತು ಎಚ್ಚರಿಕೆ

ಅಂಕಗಳನ್ನು ಹಂಚುವಾಗ ಸಿದ್ಧವಾದ ಕಿರುಚಿತ್ರದ ಅಂದಕ್ಕಿಂತ ಮೊದಲ ಕರಡಿನಿಂದ ಕೊನೆಯ ಕರಡಿನವರೆಗೆ ಆದ ಸುಧಾರಣೆಗೆ ಹೆಚ್ಚಿನ ಬೆಲೆ ಕೊಡುವುದು ನ್ಯಾಯ. ಹಾಗಲ್ಲದಿದ್ದರೆ ಮನೆಯಲ್ಲಿ ಒಳ್ಳೆಯ ಮೊಬೈಲ್ ಇರುವ ಮಗುವೇ ಸದಾ ಮುಂದಾಗುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಅಸಮಾನತೆಯು ಎಷ್ಟು ಆಳವಾದುದೆಂಬುದು ಎಲ್ಲರ ಕಣ್ಣಿಗೂ ಬಿದ್ದಿತು. ಆದುದರಿಂದ ಉಪಕರಣದ ಕೆಲಸವೆಲ್ಲವೂ ಶಾಲೆಯಲ್ಲಿಯೇ, ಶಾಲೆಯ ಸಾಧನದಿಂದಲೇ ನಡೆಯಬೇಕು. ಮಕ್ಕಳ ಮುಖ, ಹೆಸರು, ವಿಳಾಸಗಳು ಅಂತರ್ಜಾಲದಲ್ಲಿ ಹರಿದಾಡದಂತೆಯೂ ಎಚ್ಚರ ವಹಿಸಬೇಕು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರ ವಿಷಯದಲ್ಲಿ ಪೋಷಕರ ಸಮ್ಮತಿಯನ್ನು ಕಡ್ಡಾಯವೆಂದು ವಿಧಿಸಿದೆ. ಪ್ರದರ್ಶನವು ಶಾಲೆಯ ಸಭಾಂಗಣದಲ್ಲಿ, ಪೋಷಕರ ಸಮ್ಮುಖದಲ್ಲಿ ನಡೆದರೆ ಅದಕ್ಕಿಂತ ಹೆಚ್ಚಿನ ಪ್ರಚಾರ ಅನಾವಶ್ಯಕ.

ನೆರವು ಸಲ್ಲಬೇಕಾದ ಕಡೆ

ವಿದ್ಯಾಭಿಮಾನಿಗಳಾದ ದಾನಿಗಳು ಶಾಲೆಗಳಿಗೆ ಕಂಪ್ಯೂಟರುಗಳನ್ನು ಕೊಡುಗೆಯಾಗಿ ಕೊಡುವುದುಂಟು. ಅದು ಶ್ಲಾಘನೀಯವಾದುದೇ. ಆದರೆ ಉಪಾಧ್ಯಾಯರಿಗೆ ತಕ್ಕ ತರಬೇತಿಯೂ ಬಿಡುವೂ ಇಲ್ಲದಿದ್ದರೆ ಆ ಯಂತ್ರಗಳು ಬೀಗ ಹಾಕಿದ ಕೋಣೆಯಲ್ಲಿ ಧೂಳು ಹಿಡಿಯುತ್ತವೆ. ಮೇಲೆ ವಿವರಿಸಿದ ಕಾರ್ಯಕ್ಕೆ ಬೇಕಾದುದು ಒಂದೆರಡು ಮೊಬೈಲುಗಳು, ಒಂದು ಕಂಪ್ಯೂಟರ್, ಒಂದು ಪ್ರೊಜೆಕ್ಟರ್, ಗದ್ದಲವಿಲ್ಲದ ಒಂದು ಚಿಕ್ಕ ಕೋಣೆ. ಇವೆಲ್ಲಕ್ಕಿಂತ ಮಿಗಿಲಾಗಿ, ನಲವತ್ತು ಮಕ್ಕಳ ಕರಡುಗಳನ್ನು ಓದಲು ಉಪಾಧ್ಯಾಯರಿಗೆ ವಾರಕ್ಕೆರಡು ಅವಧಿಗಳ ಬಿಡುವು.

ಹಣದಿಂದ ಒದಗದ ಇನ್ನೊಂದು ನೆರವೂ ಇದೆ. ದೇಶದ ನಾನಾ ನಗರಗಳಲ್ಲಿಯೂ ಹೊರದೇಶಗಳಲ್ಲಿಯೂ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು, ತಾವು ಕಲಿತ ಶಾಲೆಯ ಒಂದೊಂದು ಮಗುವಿನ ಬರೆಹವನ್ನು ಶಾಲೆಯ ಮೂಲಕ ತರಿಸಿಕೊಂಡು ಓದಿ, ತಿದ್ದದೆ, ಕುತೂಹಲದಿಂದ ಎರಡು ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳಿ ಕಳುಹಿಸಬಹುದು. ಕೂರಿಗೆಯ ಕೊಳವೆ ಯಾವುದರಿಂದ ಮಾಡಿದ್ದು? ಅಜ್ಜ ಈಗಲೂ ಅದನ್ನು ಬಳಸುವನೆ? ಇಷ್ಟು ಸಾಕು. ಅವುಗಳಿಗೆ ಉತ್ತರ ಬರೆಯಲು ಕುಳಿತ ಹುಡುಗಿಯು ಅಂದು ಪರೀಕ್ಷೆಗಾಗಿ ಬರೆಯುತ್ತಿರುವುದಿಲ್ಲ. ತನ್ನ ಮಾತಿಗೆ ಕಾದಿರುವ ಒಬ್ಬರಿಗಾಗಿ ಬರೆಯುತ್ತಿರುತ್ತಾಳೆ.