ಕವಲಿನ ಮೇಲೊಂದು ಕವಲು: ತಂತ್ರಾಂಶ ವಿಲೀನದ ತೊಡಕು

ನೂರಾರು ಎಂಜಿನಿಯರುಗಳು ಏಕಕಾಲಕ್ಕೆ ಒಂದೇ ತಂತ್ರಾಂಶವನ್ನು ತಿದ್ದುತ್ತಿದ್ದರೆ, ಒಬ್ಬರ ಕೆಲಸ ಇನ್ನೊಬ್ಬರದನ್ನು ಅಳಿಸಿಹಾಕದಂತೆ ಕಾಯುವುದು ಹೇಗೆ? ಈ ಹೊಣೆಯನ್ನು ಇಂದು ಬಹುತೇಕ ಕಡೆ ‘ಗಿಟ್’ ಎಂಬ ತಂತ್ರಾಂಶ ಹೊತ್ತಿದೆ. ಲಿನಕ್ಸ್ ಅಭಿವೃದ್ಧಿಗೆ ಬಳಕೆಯಾಗುತ್ತಿದ್ದ ‘ಬಿಟ್‌ಕೀಪರ್’ ತಂತ್ರಾಂಶವು ಉಚಿತವಾಗಿ ಸಿಗುವುದು ನಿಂತಾಗ, 2005ರ ಏಪ್ರಿಲ್‌ನಲ್ಲಿ ಲೈನಸ್ ಟೊರ್ವಾಲ್ಡ್ಸ್ ಇದನ್ನು ರಚಿಸಿದರು.

ಗಿಟ್‌ನಲ್ಲಿ ಎಂಜಿನಿಯರು ಮುಖ್ಯ ಪ್ರತಿಯನ್ನು ನೇರವಾಗಿ ತಿದ್ದಬೇಕಿಲ್ಲ. ಅದರಿಂದ ಒಂದು ‘ಬ್ರಾಂಚ್’, ಅಂದರೆ ಕವಲು ತೆಗೆದು, ಅಲ್ಲಿ ಕೆಲಸ ಮುಗಿಸಿ, ಪರಿಶೀಲನೆಯ ಬಳಿಕ ಮುಖ್ಯ ಕವಲಿಗೆ ವಿಲೀನಗೊಳಿಸಬಹುದು. ಪ್ರತಿಯೊಂದು ದಾಖಲಿತ ತಿದ್ದುಪಡಿಗೆ ‘ಕಮಿಟ್’ ಎಂದು ಹೆಸರು.

ತೊಡಕು ಎಲ್ಲಿ?

ಬ್ಯಾಂಕಿನ ತಂತ್ರಾಂಶವೊಂದನ್ನು ಊಹಿಸಿಕೊಳ್ಳಿ. ಖಾತೆಯ ವಿವರಗಳನ್ನು ಸಂಗ್ರಹಿಸುವ ವಿಧಾನವನ್ನು ಒಬ್ಬರು ಬದಲಿಸುತ್ತಿದ್ದಾರೆ. ಆ ಕವಲು ಇನ್ನೂ ಪರಿಶೀಲನೆಯಲ್ಲಿರುವಾಗಲೇ, ಪಾಸ್‌ಬುಕ್ ಮುದ್ರಣದ ಭಾಗವನ್ನು ಬರೆಯಬೇಕಾದ ಸಹೋದ್ಯೋಗಿ ಅದರ ಮೇಲೆಯೇ ತಮ್ಮ ಕವಲನ್ನು ಚಾಚುತ್ತಾರೆ. ಇದು ಅವಲಂಬಿತ ಕವಲು.

ಗಿಟ್ ಪ್ರತಿ ಕಮಿಟ್‌ಗೂ ಸಾಮಾನ್ಯವಾಗಿ 40 ಅಕ್ಷರಗಳ ಗುರುತು ನೀಡುತ್ತದೆ. ಆ ಗುರುತಿನ ಲೆಕ್ಕಾಚಾರದಲ್ಲಿ ಹಿಂದಿನ ಕಮಿಟ್‌ನ ಗುರುತೂ ಸೇರಿರುತ್ತದೆ. ಹೀಗಾಗಿ ಮೊದಲನೆಯವರು ‘ರೀಬೇಸ್’ ಆಜ್ಞೆ ಬಳಸಿ ತಮ್ಮ ಕವಲಿನ ಹಳೆಯ ಕಮಿಟ್ ಒಂದನ್ನು ತಿದ್ದಿದರೆ, ಅದರ ಮುಂದಿನ ಎಲ್ಲ ಗುರುತುಗಳೂ ಬದಲಾಗುತ್ತವೆ. ಸಹೋದ್ಯೋಗಿಯ ಕವಲು ಮಾತ್ರ ಹಳೆಯ ಕಮಿಟ್‌ಗಳ ಮೇಲೆಯೇ ನಿಂತಿರುತ್ತದೆ. ವಿಲೀನದ ವೇಳೆ ಒಂದೇ ತಿದ್ದುಪಡಿ ಎರಡು ರೂಪದಲ್ಲಿ ಎದುರಾಗುತ್ತದೆ. ಗಡಿಬಿಡಿಯಲ್ಲಿ ತಪ್ಪು ರೂಪವನ್ನು ಉಳಿಸಿಕೊಂಡರೆ ಸರಿಪಡಿಸಿದ್ದ ದೋಷ ಸದ್ದಿಲ್ಲದೆ ಮರಳುತ್ತದೆ. ಹಲವು ಕಮಿಟ್‌ಗಳನ್ನು ಒಂದಾಗಿ ಹಿಂಡಿ ಸೇರಿಸುವ ‘ಸ್ಕ್ವಾಷ್’ ವಿಲೀನದಲ್ಲಿಯೂ ಇದೇ ಅಪಾಯವಿದೆ.

ಲಿನಕ್ಸ್ ಕಂಡುಕೊಂಡ ದಾರಿ

ಲಿನಕ್ಸ್ ಕರ್ನೆಲ್‌ನ ಹೊಸ ಆವೃತ್ತಿ ಒಂಬತ್ತು-ಹತ್ತು ವಾರಗಳಿಗೊಮ್ಮೆ ಬರುತ್ತದೆ. ಹೊಸ ಕೆಲಸದ ವಿಲೀನಕ್ಕೆ ಮೊದಲ ಎರಡು ವಾರ ಮೀಸಲು. ಒಂದೇ ಬದಲಾವಣೆ ಎರಡು ವಿಭಾಗಗಳಿಗೆ ಬೇಕಾದಾಗ, ಅದನ್ನಷ್ಟೇ ಪುಟ್ಟ ಕವಲಿನಲ್ಲಿಟ್ಟು, ಇನ್ನು ಮುಂದೆ ಅದನ್ನು ತಿದ್ದುವುದಿಲ್ಲ ಎಂದು ಘೋಷಿಸುವ ಪದ್ಧತಿ ಅಲ್ಲಿದೆ. ಎರಡೂ ವಿಭಾಗಗಳು ಆ ಕವಲನ್ನೇ ಸೇರಿಸಿಕೊಳ್ಳುತ್ತವೆ. ಗುರುತು ಒಂದೇ ಆದ್ದರಿಂದ ಗಿಟ್ ಅದನ್ನು ಒಂದೇ ಬದಲಾವಣೆಯೆಂದು ಪರಿಗಣಿಸುತ್ತದೆ. ಜತೆಗೆ, ವಿವಿಧ ವಿಭಾಗಗಳ ಕವಲುಗಳನ್ನು ಮುಂಚಿತವಾಗಿಯೇ ಕೂಡಿಸಿ ಪರೀಕ್ಷಿಸುವ ‘ಲಿನಕ್ಸ್-ನೆಕ್ಸ್ಟ್’ ವ್ಯವಸ್ಥೆಯನ್ನು ಸ್ಟೀಫನ್ ರಾತ್‌ವೆಲ್ 2008ರಲ್ಲಿ ಆರಂಭಿಸಿದರು.

ಕಚೇರಿಗಳಲ್ಲಿ ಪಾಲಿಸಬಹುದಾದ ಕ್ರಮವೂ ಸರಳವಾಗಿದೆ. ತಳದ ಕವಲು ಮೊದಲು ವಿಲೀನವಾಗಲಿ. ಬಳಿಕ ಅವಲಂಬಿತ ಕವಲಿನವರು ‘ರೀಬೇಸ್’ನ ‘ಆನ್‌ಟೊ’ ಆಯ್ಕೆಯ ಮೂಲಕ ತಮ್ಮ ಕಮಿಟ್‌ಗಳನ್ನಷ್ಟೇ ಮುಖ್ಯ ಕವಲಿನ ತುದಿಗೆ ಸಾಗಿಸಬೇಕು. ಒಬ್ಬರೇ ಹಲವು ಕವಲುಗಳನ್ನು ಒಂದರ ಮೇಲೊಂದು ಇಟ್ಟುಕೊಂಡಿದ್ದರೆ, 2022ರ ಅಕ್ಟೋಬರ್‌ನಲ್ಲಿ ಬಂದ ಗಿಟ್ 2.38ರ ‘ಅಪ್‌ಡೇಟ್-ರೆಫ್ಸ್’ ಆಯ್ಕೆ ಅವೆಲ್ಲವನ್ನೂ ಒಟ್ಟಿಗೆ ಸಾಗಿಸುತ್ತದೆ.

ಆದರೆ ಸಹೋದ್ಯೋಗಿಯ ಗಣಕದಲ್ಲಿರುವ ಕವಲನ್ನು ಈ ಆಯ್ಕೆ ಮುಟ್ಟಲಾರದು. ಇತರರು ಆಧರಿಸಿರುವ ಕವಲನ್ನು ತಿದ್ದಲೇಬೇಕಾದರೆ ಅವರಿಗೆ ಮೊದಲೇ ತಿಳಿಸುವುದೊಂದೇ ಉಪಾಯ. ಆ ಒಂದು ಮಾತನ್ನು ಗಿಟ್ ನಮ್ಮ ಪರವಾಗಿ ಆಡುವುದಿಲ್ಲ.